ಗಾಡಿ ಬಿಟ್ಟೆ

ಅಕ್ಟೋಬರ್ ೧೧, ೨೦೨೫, ಶನಿವಾರ

ಇವತ್ತು ಶನಿವಾರದ ಒಪ್ಪತ್ತು. ಬೆಳಿಗ್ಗೆ ಅಂಗಳ ಗುಡಿಸಿ, ತುಳಸಿಗೆ ನೀರು ಹಾಕಿ, ತಿಮ್ಮಪ್ಪನ ಪಟಕ್ಕೆ ಹೂ ಇಟ್ಟೆ. ಒಲೆಯ ಬೂದಿ ತೆಗೆದೆ. ಮಲ್ಲಿಗೆ ಮೊಗ್ಗು ಕೊಯ್ದೆ. ಬುಟ್ಟಿ ತುಂಬಿದ ಮೇಲೆ ನೆನಪಾಯಿತು, ಒಯ್ಯಲು ಗಾಡಿ ಇಲ್ಲ.

ನಿನ್ನೆ ಆದದ್ದನ್ನು ಬರೆದಿಡುತ್ತೇನೆ. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ನಮ್ಮ ಯಜಮಾನರು ತೀರಿಕೊಂಡು ನಾಲ್ಕು ವರ್ಷ ಆಯಿತು. ಮಕ್ಕಳಿಲ್ಲ. ಅವರು ಬಿಡುತ್ತಿದ್ದ ಓಮ್ನಿಯನ್ನೇ ನಲವತ್ತಾರನೇ ವಯಸ್ಸಿಗೆ ಬಿಡಲು ಕಲಿತೆ, ಲೈಸೆನ್ಸ್ ಮಾಡಿಸಿಕೊಂಡೆ. ತೆಂಗಿನಗುಂಡಿ ಸುತ್ತಿನ ಹನ್ನೆರಡು ಮನೆಗಳ ಮಲ್ಲಿಗೆ ಮಾಲೆಯನ್ನು ಬಾಳೆಲೆಯಲ್ಲಿ ಸುತ್ತಿ ಹೊನ್ನಾವರಕ್ಕೂ ಕುಮಟಾಕ್ಕೂ ಮುಟ್ಟಿಸುವುದು ನನ್ನ ಕೆಲಸ.

ನಿನ್ನೆ ಸಂಜೆ ಕುಮಟಾದಿಂದ ಖಾಲಿ ಬುಟ್ಟಿ ಹಾಕಿಕೊಂಡು ಬರುತ್ತಿದ್ದೆ. ಮಂಕಿ ದಾಟಿದ ಮೇಲೆ, ಮನೆಗಳಿಲ್ಲದ ಕಡೆ, ಒಂದು ಬಿಳಿ ಕಾರು ಹಿಂದಿನಿಂದ ಬಂದು ನನ್ನ ಪಕ್ಕಕ್ಕೇ ಓಡತೊಡಗಿತು. ಕಾರಿನ ಮೇಲೆ ಬರಹ ಇಲ್ಲ, ದೀಪ ಇಲ್ಲ. ಟೀ ಶರ್ಟಿನವನೊಬ್ಬ ಕೈ ಹೊರಗೆ ಹಾಕಿ, "ಏ, ಸೈಡಿಗೆ ಹಾಕು. ಪೊಲೀಸ್" ಎಂದ. ಕತ್ತಲಿಳಿದು ಕಪ್ಪಾಗುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಪೊಲೀಸ್ ಎಂದೇ ಹೇಳಿ ಬೈಕಿನವರು ಶಾಲೆಯ ಅಕ್ಕೋರ ಸರ ಬಿಚ್ಚಿಸಿಕೊಂಡು ಹೋದದ್ದು ನೆನಪಾಯಿತು.

ಇಂಡಿಕೇಟರ್ ಹಾಕಿದೆ. ಕೈ ಹೊರಗೆ ಹಾಕಿ, ಮುಂದೆ, ಮುಂದೆ ಎಂದು ತೋರಿಸಿದೆ. ನಿಧಾನಕ್ಕೆ ಪೆಟ್ರೋಲ್ ಬಂಕಿನ ತನಕ ಹೋದೆ. ಎರಡು ಕಿಲೋಮೀಟರ್ ಇರಬಹುದು. ಅಲ್ಲಿ ಬೆಳಕಿತ್ತು, ಪೆಟ್ರೋಲ್ ಹಾಕುವ ದಾಸಣ್ಣ ಇದ್ದ. ಇಂಜಿನ್ ಬಂದ್ ಮಾಡಿ ಒಳಗೇ ಕೂತೆ.

ಅವರು ನಿಜವಾಗಿ ಪೊಲೀಸರೇ. ಮಫ್ತಿಯಲ್ಲಿದ್ದರು. ಯಾವುದೋ ಓಮ್ನಿಯಲ್ಲಿ ಗೋವಾದ ಸಾರಾಯಿ ಬರುತ್ತದೆಂದು ಸುದ್ದಿ ಇತ್ತಂತೆ. ಕಾರ್ಡು ತೋರಿಸಿದ್ದು ಬಂಕಿಗೆ ಬಂದು ಬೈದಾದ ಮೇಲೆ. ಹಿಂದಿನ ಬಾಗಿಲು ತೆಗೆದರೆ ಬುಟ್ಟಿ, ಬಾಳೆಲೆ, ಒದ್ದೆ ಗೋಣಿ. ಏನೂ ಸಿಗದ್ದಕ್ಕೆ ಸಿಟ್ಟು ಹೆಚ್ಚಾಯಿತು. ನಿಲ್ಲಿಸು ಎಂದಲ್ಲಿ ಯಾಕೆ ನಿಲ್ಲಿಸಲಿಲ್ಲ ಎಂದು ಠಾಣೆಗೆ ಕರೆದುಕೊಂಡು ಹೋದರು.

ಅಲ್ಲಿನ ರೈಟರ್ ಘಟ್ಟದ ಮೇಲಿನ ಬಾಗಲಕೋಟೆ ಕಡೆಯವನು. ಗಂಡನ ಹೆಸರು ಕೇಳಿದ. ನಾನು ಬಾಯಿಬಿಟ್ಟು ಹೇಳುವುದಿಲ್ಲ. ಅವರ ಹೆಸರು, ದೇವರ ಹೆಸರು ಒಂದೇ ಆದ್ದರಿಂದ ಆ ಹೆಸರು ಬಿಟ್ಟು ದೇವರನ್ನೂ ತಿಮ್ಮಪ್ಪ ಎಂದೇ ಕರೆಯುವವಳು ನಾನು. ಲೈಸೆನ್ಸ್ ತೋರಿಸಿದೆ, ನೋಡಿ ಬರೆದುಕೊಂಡ. ಉದ್ಯೋಗ ಏನೆಂದು ಕೇಳಲಿಲ್ಲ, ಮನೆಗೆಲಸ ಎಂದು ತಾನೇ ಬರೆದ. ನಾನು ಹೇಳಿದ್ದನ್ನೆಲ್ಲ ಬರೆದು ಸಹಿ ಹಾಕಿ ಎಂದ. ಕನ್ನಡಕ ಗಾಡಿಯಲ್ಲಿತ್ತು. ಓದದೆ ಸಹಿ ಹಾಕಿದೆ.

ಗಾಡಿಯನ್ನೂ ಲೈಸೆನ್ಸನ್ನೂ ಇಟ್ಟುಕೊಂಡರು. ಬಸ್ಸಿಗೆ ಬಂದೆ. ಕೀಲಿ ಅವರ ಮೇಜಿನ ಮೇಲೆ ಉಳಿಯಿತು.

ತಪ್ಪು ನನ್ನದೇ ಇರಬೇಕು. ದೊಡ್ಡವರು ನಿಲ್ಲು ಎಂದಾಗ ನಿಲ್ಲಬೇಕಿತ್ತು.

ಅಕ್ಟೋಬರ್ ೧೩, ಸೋಮವಾರ

ಸುಕ್ರಿ ಬಂದಳು. ಆಚೆ ಮನೆಯವಳು, ನನಗಿಂತ ಹತ್ತು ವರ್ಷ ಹಿರಿಯಳು, ನನ್ನ ಹೂ ಕಟ್ಟಿಕೊಡುವವಳು. ಬಾಗಿಲಲ್ಲೇ ನಿಂತು, "ಎಂತ ಆತೆ ದುರ್ಗಿ? ಸಾರಾಯಿ ತುಂಬ್ಕಂಡು ಓಡಿದ್ಲು ಹೇಳ್ತ್ರಲೆ ಊರವ್ರು" ಎಂದಳು.

"ನೀ ಎಂತ ಹೇಳ್ದೆ?"

"ಎಂತ ಹೇಳೂದು. ಅವ್ಳ ಗಾಡಿ ಓಡೂದು ಕಂಡೀರಾ ನೀವು, ನಮ್ಮನಿ ಎಮ್ಮೆ ಅದ್ನ ಹಿಂದೆ ಹಾಕಿ ಹೋತದೆ ಹೇಳ್ದೆ."

ಮೂರು ದಿನದಲ್ಲಿ ಮೊದಲ ಸಲ ನಗು ಬಂತು. ಆದರೆ ಹೂವಿನವರು ಯಾರೂ ನನ್ನಂಗಳಕ್ಕೆ ಬರಲಿಲ್ಲ. ಬುಟ್ಟಿಗಳು ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವು. ನನ್ನನ್ನು ಕಂಡು ಇಬ್ಬರು ಹೆಂಗಸರು ಬುಟ್ಟಿಯ ಬಟ್ಟೆ ಸರಿಮಾಡತೊಡಗಿದರು. ಬಟ್ಟೆ ಸರಿಯಾಗಿಯೇ ಇತ್ತು.

ಸಂಜೆ ನರೇಶ ಬಂದಿದ್ದ. ಅವರ ತಮ್ಮ, ನನ್ನ ಮೈದುನ.

"ಅತ್ಗೆ, ತಪ್ಪಾತು ಹೇಳಿ ಬರ್ದು ಕೊಡು, ಮುಗೀತು. ಪೊಲೀಸರ ಸಂಗ್ತಿಗೆ ನಮಗೆಂತಕೆ? ಹೆಂಗ್ಸು ಕುಮಟಾ ತನಕ ಗಾಡಿ ಬಿಡೂದು ಬ್ಯಾಡ ಹೇಳಿ ನಾ ಆವತ್ತೇ ಹೇಳಿದ್ದೆ."

"ಆತು" ಎಂದೆ. ಚಾ ಕುಡಿಯದೆ ಹೋದ.

ಅಕ್ಟೋಬರ್ ೧೪

ಯಾರೂ ಬರಲಿಲ್ಲ. ಮೊಗ್ಗು ಗಿಡದಲ್ಲೇ ಅರಳಿತು.

ಅಕ್ಟೋಬರ್ ೧೬, ಗುರುವಾರ

ಸಾರಿಗೆ ಕಚೇರಿಯಿಂದ ನೋಟಿಸು ಬಂತು. ನನ್ನ ಲೈಸೆನ್ಸನ್ನು ಯಾಕೆ ಅಮಾನತು ಮಾಡಬಾರದು, ಹದಿನೈದು ದಿನದಲ್ಲಿ ಉತ್ತರ ಕೊಡಿ ಎಂದಿದೆ. ಅದರಲ್ಲಿ ನನ್ನ ಹೇಳಿಕೆ ಎಂದು ಒಂದು ಸಾಲು ಇದೆ: "ಪೊಲೀಸರನ್ನು ಕಂಡು ಹೆದರಿ ಪೆಟ್ರೋಲ್ ಬಂಕಿನ ಬಳಿ ಗಾಡಿ ಬಿಟ್ಟು ಓಡಿಹೋದೆನು."

ನಾಲ್ಕು ಸಲ ಓದಿದೆ. ಮನೆಯಲ್ಲಿದ್ದ ಹಳೇ ಕನ್ನಡಕ ಒರೆಸಿ ಮತ್ತೆ ಓದಿದೆ. ನಾನು ಓಡಲಿಲ್ಲ. ಸೀಟಿನಿಂದ ಏಳಲೇ ಇಲ್ಲ.

ಲೈಸೆನ್ಸ್ ಹೋದರೆ ಮುಂದೆ ಏನು ಎಂದು ಯೋಚಿಸಲು ಹೋದೆ. ಅದು ಮುಂದಕ್ಕೆ ಹೋಗುವುದೇ ಇಲ್ಲ. ಬೆಳಿಗ್ಗೆ ಹೂ, ಆಮೇಲೆ ರಸ್ತೆ, ಸಂಜೆ ಮನೆ. ಮಧ್ಯದ್ದನ್ನು ತೆಗೆದರೆ ನನ್ನ ದಿನದಲ್ಲಿ ಉಳಿಯುವುದು ಎರಡು ತುದಿ.

ಅಕ್ಟೋಬರ್ ೧೮, ಶನಿವಾರ

ಒಪ್ಪತ್ತು. ಬಸ್ಸಿನಲ್ಲಿ ಠಾಣೆಗೆ ಹೋದೆ. ಬಿಳಿ ಕಾರು ಪಕ್ಕಕ್ಕೆ ಬಂದ ಆ ಜಾಗ ಬಂದಾಗ ಕಣ್ಣು ಮುಚ್ಚಿಕೊಂಡೆ.

ರೈಟರ್ ಇದ್ದ. ನೋಟಿಸು ತೋರಿಸಿ, ನಾನು ಹೀಗೆ ಹೇಳಲಿಲ್ಲ ಎಂದೆ.

"ನೀವ ಹೇಳಿದ್ದನ್ನ ಬರದೇನ್ರೀ ಯಮ್ಮಾ. ಹೆದರಿ ಬಂಕಿನ ತನಕ ಗಾಡಿ ಬಿಟ್ಟೆ ಅಂದ್ರಿ. ಹೌದಲ್ಲೋ?"

"ಹೌದು. ಗಾಡಿ ಬಿಟ್ಟೆ."

"ಮತ್ತ? ಬಿಟ್ಟ ಮ್ಯಾಲೆ ಓಡ್ಲಿಕ್ಕೇ ಬೇಕಲ್ರೀ. ಅಲ್ಲೇ ಕೂಡ್ತಾರೇನು?"

"ಗಾಡಿ ಬಿಡೂದು ಅಂದ್ರೆ ಗಾಡಿ ಓಡ್ಸೂದು" ಎಂದೆ.

ಅವನು ಪೆನ್ನು ಕೆಳಗಿಟ್ಟ. "ಬಿಡೂದಂದ್ರ ಓಡಸೂದು? ನಮ್ಮ ಕಡಿ ಗಾಡಿ ಹೊಡೀತಾರ್ರೀ. ಬಿಟ್ರ ಬಿಟ್ಟಂಗ."

"ಹೊಡೂದು ಎಂತಕೆ? ಅದೆಂತ ತಪ್ಪು ಮಾಡಿತ್ತು?"

ಪಕ್ಕದ ಮೇಜಿನ ಹುಡುಗಿ ಪೊಲೀಸ್ ನಕ್ಕುಬಿಟ್ಟಳು. ರೈಟರ್‌ಗೂ ನಗು ಬಂತು. ಕೂಡಲೇ ಮುಖ ಗಂಟು ಹಾಕಿ, ಸಹಿ ಆದದ್ದನ್ನು ತಿದ್ದಲು ಆಗದು, ಸಾಹೇಬರಿಗೂ ಆಗದು ಎಂದ. ಬೇಕಾದರೆ ಪ್ರತ್ಯೇಕವಾಗಿ ಬರೆದು ಕೊಡಬೇಕಂತೆ. ಚಾ ತರಿಸಿದ. ಒಪ್ಪತ್ತು ಎಂದೆ. ತನ್ನ ಅವ್ವನೂ ಶನಿವಾರ ಹನುಮಪ್ಪನ ಹೆಸರಲ್ಲಿ ಒಂದೇ ಹೊತ್ತು ಉಣ್ಣುತ್ತಾಳೆ ಎಂದ. ನನ್ನ ಕನ್ನಡಕವನ್ನು ಗಾಡಿಯಿಂದ ತಾನೇ ಹೋಗಿ ತಂದುಕೊಟ್ಟ.

ಓಮ್ನಿ ಠಾಣೆಯ ಹಿಂದೆ ಹಲಸಿನ ಮರದ ಕೆಳಗೆ ನಿಂತಿದೆ. ಗಾಜಿನ ಮೇಲೆಲ್ಲ ಎಲೆ. ಹತ್ತಿರ ಹೋಗಲು ಬಿಡಲಿಲ್ಲ.

ಅಕ್ಟೋಬರ್ ೨೨, ಬುಧವಾರ, ಬಲಿಪಾಡ್ಯ

ಎಲ್ಲರ ಮನೆಯಲ್ಲೂ ದೀಪ. ನಾನೂ ಎರಡು ಹಚ್ಚಿದೆ. ರೂಢಿಯ ಮೇಲೆ ಓಮ್ನಿಗೂ ಒಂದು ಮಾಲೆ ಕಟ್ಟಿಬಿಟ್ಟಿದ್ದೆ. ಹಾಕಲು ಅದು ಇಲ್ಲ. ಬಿಸಾಡಲು ಮನಸ್ಸಾಗಲಿಲ್ಲ. ಅದು ನಿಲ್ಲುತ್ತಿದ್ದ ಚಪ್ಪರದ ಕಂಬಕ್ಕೆ ಸುತ್ತಿದೆ.

ನರೇಶನ ಮನೆಯಿಂದ ಊಟಕ್ಕೆ ಕರೆ ಬರಲಿಲ್ಲ. ಮರೆತಿರಬಹುದು. ಕಡುಬು ಒಬ್ಬಳಿಗೆ ಎಷ್ಟು ಮಾಡುವುದು ಎಂದು ಗೊತ್ತಾಗದೆ ಹೆಚ್ಚಾಯಿತು.

ಅಕ್ಟೋಬರ್ ೨೪, ಶುಕ್ರವಾರ

ಸುಕ್ರಿಯ ಮಾತಿಗೆ ಹೊನ್ನಾವರಕ್ಕೆ ಹೋದೆ. "ಕೋರ್ಟಿನಲ್ಲಿ ಹೆಂಗ್ಸರಿಗೆ ಪುಕ್ಕಟೆ ವಕೀಲ್ರು ಕೊಡ್ತ್ರು, ನನ್ ತಂಗಿ ಮಗಳಿಗೆ ಕೊಟ್ಟಿದ್ರು. ಇಲ್ಲಿ ಕೂತು ತಿಮ್ಮಪ್ಪಂಗೆ ಹೇಳ್ರೆ ಅಂವ ಬಂದು ಅರ್ಜಿ ಬರೀತ್ನಾ?" ಎಂದಿದ್ದಳು. ದೇವರ ವಿಷಯಕ್ಕೆ ಹಾಗೆ ಮಾತಾಡಬಾರದು ಎಂದು ನಾನು ಬೈದೆ. ಆದರೂ ಹೋದೆ.

ವಕೀಲರ ಹೆಸರು ವಿನುತಾ. ಚಿಕ್ಕ ಪ್ರಾಯ. ನೋಟಿಸು ಓದಿ, ನಡೆದದ್ದನ್ನೆಲ್ಲ ಕೇಳಿ, "ದುರ್ಗಕ್ಕ, ಇಂಡಿಕೇಟರ್ ಹಾಕಿದ್ರಾ?" ಎಂದರು.

"ಹಾಕಿದ್ದೆ."

"ಜೋರು ಹೋದ್ರಾ?"

"ಮೂವತ್ತರಲ್ಲಿ."

"ಬಂಕಿನಲ್ಲಿ ನೀವಾಗೇ ನಿಲ್ಸಿದ್ರಾ?"

"ಹೌದು."

"ಮತ್ತೆ ಎಂತಕೆ ತಲೆ ತಗ್ಗಿಸಿ ಕೂತಿದ್ರಿ?"

ನಾನು ತಲೆ ತಗ್ಗಿಸಿದ್ದೆ ಎಂದು ಆಗ ಗೊತ್ತಾಯಿತು.

ಕಪಾಟಿನಿಂದ ದಪ್ಪ ಪುಸ್ತಕ ತೆಗೆದು ಓದಿದರು. ಲೈಸೆನ್ಸ್ ತೋರಿಸಬೇಕಾದದ್ದು "ಸಮವಸ್ತ್ರದಲ್ಲಿರುವ" ಪೊಲೀಸ್ ಅಧಿಕಾರಿ ಕೇಳಿದಾಗ. ಆ ಶಬ್ದ ಪುಸ್ತಕದಲ್ಲೇ ಇದೆ. ಅದನ್ನು ನೋಟಿಸಿನ ಹಿಂದೆ ಬರೆದುಕೊಂಡೆ.

"ಹಂಗಂತ ಮಫ್ತಿಯವ್ರಿಗೆ ನಿಲ್ಸೂದೇ ಬ್ಯಾಡ ಹೇಳಿ ಅಲ್ಲ. ಅವ್ರದ್ದೂ ಕೆಲಸ ಇರ್ತದೆ. ನಿಲ್ಸಿ. ಆದ್ರೆ ಬೆಳಕು, ಜನ ಇದ್ದಲ್ಲಿ ನಿಲ್ಸಿ. ಗಾಜು ಎರಡು ಬೆರಳು ಇಳ್ಸಿ. ಕಾರ್ಡು ಕೇಳಿ, ಹೆಸರು ಓದಿ. ಸಂಶಯ ಬಂದ್ರೆ ಒಂದು ಒಂದು ಎರಡಕ್ಕೆ ಫೋನ್ ಮಾಡಿ ಇಂಥವ್ರು ಹೌದಾ ಹೇಳಿ ವಿಚಾರ್ಸಿ. ನೀವು ಮಾಡದೇ ಇದ್ದದ್ದು ಆ ಫೋನ್ ಒಂದೇ."

ಬಂಕಿನಲ್ಲಿ ಕ್ಯಾಮೆರಾ ಇದೆಯಾ ಎಂದು ಕೇಳಿದರು. ನನಗೆ ಗೊತ್ತಿಲ್ಲ. ಇದ್ದರೆ ಅದರಲ್ಲಿ ಬಿದ್ದ ಚಿತ್ರ ಕೆಲವು ಕಡೆ ಹದಿನೈದು ದಿನಕ್ಕೆ ಅಳಿಸಿಹೋಗುತ್ತದಂತೆ. ಲೆಕ್ಕ ಹಾಕಿದರೆ ನಾಳೆಗೆ ಹದಿನೈದು. ಅಲ್ಲೇ ಕೂತು ಬಂಕಿನವರಿಗೊಂದು ಪತ್ರ ಬರೆದು ಕೈಗೆ ಕೊಟ್ಟರು. ಗಾಡಿ ಬಿಡಿಸಲು ಕೋರ್ಟಿಗೆ ಬೇರೆ ಅರ್ಜಿ ಹಾಕುತ್ತಾರೆ.

ಅಕ್ಟೋಬರ್ ೨೫, ಶನಿವಾರ

ಒಪ್ಪತ್ತು. ತುಳಸಿಗೆ ನೀರು ಹಾಕಿದ್ದು ಬಿಟ್ಟರೆ ಬೇರೆ ಕೆಲಸ ಮಾಡಲಿಲ್ಲ. ಮೊದಲ ಬಸ್ಸಿಗೇ ಬಂಕಿಗೆ ಹೋದೆ.

ಕ್ಯಾಮೆರಾ ಇದೆ. ಆದರೆ ಮಾಲೀಕರು ಒಪ್ಪಲಿಲ್ಲ. ಪೊಲೀಸರ ವಿಷಯ, ನಾಳೆ ನಮ್ಮ ಬಾಗಿಲಿಗೆ ಬರುತ್ತಾರೆ ಎಂದರು. ಮತ್ತೆ ಬನ್ನಿ, ಸೋಮವಾರ ನೋಡೋಣ ಎಂದರು.

ನಾನು ಹೋಗಲಿಲ್ಲ. ಗಾಳಿ ತುಂಬುವ ಮೆಷಿನಿನ ಪಕ್ಕ ಕಟ್ಟೆಯ ಮೇಲೆ ಕೂತೆ. ಹತ್ತು ಗಂಟೆ ಆಯಿತು, ಹನ್ನೊಂದಾಯಿತು. ದಾಸಣ್ಣ ಎರಡು ಸಲ ಬಂದು, "ಬಿಸಿಲಿಗೆ ಕೂರ್ಬ್ಯಾಡ, ಉಪಾಸ ಬೇರೆ" ಎಂದ. ಬಿಸಿಲು ಏನೂ ಮಾಡುವುದಿಲ್ಲ ಎಂದೆ. ಕೊನೆಗೆ ಅವನೇ ಮಾಲೀಕರ ಕೋಣೆಗೆ ಹೋದ. ಹೇಳಿದ್ದು ಹೊರಗೆ ಕೇಳುತ್ತಿತ್ತು.

"ಸಾವ್ಕಾರ್ರೆ, ಆವತ್ತು ಇವ್ಳು ಇಲ್ಲಿಗೆ ಬಂದದ್ದು ಎಂತಕೆ? ಇಲ್ಲಿ ಮನುಷ್ಯರು ಇರ್ತ್ರು ಹೇಳಿ. ನಾವು ಇಲ್ಲ ಹೇಳೂದಾ ಈಗ?"

ಒಳಗೆ ಕರೆದರು. ಪತ್ರಕ್ಕೆ ಮೊಹರು ಹಾಕಿಕೊಟ್ಟರು. ಪೆನ್‌ಡ್ರೈವಿಗೆ ಹಾಕುವ ಮೊದಲು ಪರದೆಯಲ್ಲಿ ತೋರಿಸಿದರು.

ನನ್ನನ್ನು ನಾನು ದೂರದಿಂದ ನೋಡಿದ್ದು ಅದೇ ಮೊದಲು. ಓಮ್ನಿ ಇಂಡಿಕೇಟರ್ ಮಿಣುಕಿಸುತ್ತಾ ಮೆಲ್ಲಗೆ ಒಳಗೆ ಬರುತ್ತದೆ, ಪಂಪಿಗೆ ಅಡ್ಡ ಆಗದ ಹಾಗೆ ಬದಿಗೆ ನಿಲ್ಲುತ್ತದೆ. ಒಳಗಿನ ದೀಪ ಹತ್ತುತ್ತದೆ. ದೀಪ ಹಾಕಿದ್ದು ನನಗೆ ನೆನಪೇ ಇರಲಿಲ್ಲ. ನರೆಗೂದಲಿನ ಹೆಂಗಸೊಬ್ಬಳು ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ನೆಟ್ಟಗೆ ಕೂತಿದ್ದಾಳೆ. ಆಮೇಲೆ ಬಿಳಿ ಕಾರು ಬರುತ್ತದೆ. ಅವರು ಕಿಟಕಿಗೆ ಬಡಿಯುತ್ತಾರೆ. ಅವಳು ಅಲ್ಲಾಡುವುದಿಲ್ಲ.

ಅವಳು ಓಡುವವಳ ಹಾಗೆ ಕಾಣಲಿಲ್ಲ. ಅವಳ ಪಕ್ಕ ಯಾರಾದರೂ ಕೂರಬೇಕಿತ್ತು ಎಂದು ಮಾತ್ರ ಅನಿಸಿತು.

ಅಕ್ಟೋಬರ್ ೨೭, ಸೋಮವಾರ

ವಿನುತಾ ಅವರ ಕಚೇರಿಯಲ್ಲಿ ಉತ್ತರ ಬರೆದೆವು. "ಬಂಕಿನವರೆಗೆ ವಾಹನ ಚಲಾಯಿಸಿದೆನು" ಎಂದು ಅವರು ಬರೆದಿದ್ದರು. ನಾನು ಬೇಡ ಎಂದೆ.

"ನಾ ಹೇಳಿದ್ದು ಗಾಡಿ ಬಿಟ್ಟೆ ಹೇಳಿ. ಹೇಳಿದ್ದನ್ನ ಈಗ ಬದ್ಲು ಮಾಡ್ರೆ ಆವತ್ತು ಸುಳ್ಳು ಹೇಳ್ದಂಗೆ ಆಗೂದಿಲ್ವಾ?"

ಅವರು ಹಾಳೆ ನನ್ನ ಕಡೆ ತಳ್ಳಿ, "ನೀವೇ ಬರೀರಿ" ಎಂದರು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರದಲ್ಲಿ ಬರೆದೆ: "ನಮ್ಮ ಕಡೆ ಗಾಡಿ ಬಿಡುವುದು ಎಂದರೆ ಓಡಿಸುವುದು. ನಾನು ಗಾಡಿ ಬಿಟ್ಟಿದ್ದೇನೆ, ಓಡಿಲ್ಲ. ಬೆಳಕಿರುವಲ್ಲಿ ನಿಲ್ಲಿಸಿದ್ದೇನೆ." ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: "ಸಮವಸ್ತ್ರವಿಲ್ಲದೆ, ಕಾರ್ಡು ತೋರಿಸದೆ, ಕಪ್ಪಾಗುವಾಗ ಒಬ್ಬಳೇ ಹೆಂಗಸನ್ನು ಮನೆಗಳಿಲ್ಲದ ಕಡೆ ನಿಲ್ಲಿಸಲು ಹೇಳಿದ್ದು ಸರಿಯೇ ಎಂಬುದಕ್ಕೆ ನನಗೂ ಉತ್ತರ ಬೇಕು."

ಅದು ಹೆಚ್ಚಾಯಿತೋ ಏನೋ. ವಿನುತಾ ಇರಲಿ ಎಂದರು. ದಾಸಣ್ಣ ಬರೆದುಕೊಟ್ಟ ಕಾಗದ, ಪೆನ್‌ಡ್ರೈವ್ ಸೇರಿಸಿ ಸಾರಿಗೆ ಕಚೇರಿಗೆ ರಿಜಿಸ್ಟರ್ ಮಾಡಿದೆ. ಪೊಲೀಸ್ ಸಾಹೇಬರಿಗೂ ಒಂದು ಪ್ರತಿ.

ಅಕ್ಟೋಬರ್ ೩೧

ಟಪಾಲಿನವನನ್ನು ಬೇಲಿಯ ದಣಪೆಯ ಹತ್ತಿರ ನಿಂತು ಕಾದೆ. ನನ್ನದು ಏನೂ ಇಲ್ಲ ಎಂದು ದೂರದಿಂದಲೇ ಕೈ ಆಡಿಸಿದ.

ನವೆಂಬರ್ ೨, ಭಾನುವಾರ, ತುಳಸಿ ಹಬ್ಬ

ನೆಲ್ಲಿ ಕೊಂಬೆ, ಹುಣಸೆ ಕೊಂಬೆ ನೆಟ್ಟು ತುಳಸಿಗೆ ಮದುವೆ ಮಾಡಿದೆ. ಆರತಿಗೆ ಸುಕ್ರಿ ಒಬ್ಬಳೇ. ಇಬ್ಬರದೂ ಧ್ವನಿ ಸರಿ ಇಲ್ಲ. "ಪಾಪ ತುಳಸಿ, ಇಂಥ ಹಾಡು ಕೇಳಿ ಮದಿ ಆಗೂದು ಬ್ಯಾಡ ಹೇಳೀತು" ಎಂದಳು. ಅವಳು ಹೋದ ಮೇಲೆ ಮನೆ ಮೊದಲಿಗಿಂತ ದೊಡ್ಡದಾಯಿತು. ಟಪಾಲು ನಾಳೆ.

ನವೆಂಬರ್ ೬, ಗುರುವಾರ

ಕೋರ್ಟಿನ ಆದೇಶ ಆಯಿತು. ಠಾಣೆಗೆ ಹೋಗಿ ಗಾಡಿ ಬಿಡಿಸಿಕೊಂಡೆ, ಲೈಸೆನ್ಸನ್ನೂ ವಾಪಸು ಕೊಟ್ಟರು. ನೋಟಿಸಿನದು ತೀರ್ಮಾನ ಆಗುವ ತನಕ ಲೈಸೆನ್ಸ್ ನನ್ನ ಕೈಯಲ್ಲೇ ಇರುತ್ತದೆ. ಆಮೇಲೆ ಏನೋ.

ರೈಟರ್ ಫಾರಂ ತುಂಬುತ್ತಿದ್ದ. ಗಂಡನ ಹೆಸರು ಕೇಳಿದ, ಹೇಳಿದೆ. ಉದ್ಯೋಗ ಏನೆಂದು ಈ ಸಲ ಕೇಳಿದ.

"ಗಾಡಿ ಬಿಡೂದು."

ಪೆನ್ನು ಹಿಡಿದು ನನ್ನನ್ನೇ ನೋಡಿದ. "ಬಿಡೂದಂತನ ಬರೀಲೇನ್ರೀ?"

"ಬರೀರಿ. ಓದಿ ನೋಡಿ ಸಹಿ ಹಾಕ್ತೆ."

ಬರೆದ. ಓದಿ ನೋಡಿ ಸಹಿ ಹಾಕಿದೆ. ಹೊರಡುವಾಗ, "ಹುಷಾರಾಗಿ ಬಿಡ್ರೀ ಮತ್ತ" ಎಂದ. ಬ್ಯಾಟರಿ ಇಳಿದಿತ್ತು. ಅವನೂ ಆ ಹುಡುಗಿ ಪೊಲೀಸೂ ಸೇರಿ ಹಿಂದಿನಿಂದ ದೂಡಿದರು. ಒಳಗೆಲ್ಲ ಕೊಳೆತ ಬಾಳೆಲೆಯ ನಾತ. ಮನೆಗೆ ಬಂದು ಸಂಜೆಯ ತನಕ ತೊಳೆದೆ. ಚಪ್ಪರದ ಕಂಬದ ಒಣಗಿದ ಮಾಲೆ ತೆಗೆದೆ.

ನವೆಂಬರ್ ೧೦, ಸೋಮವಾರ

ಐದು ಮನೆಯವರು ಹೂ ತಂದು ಕೊಟ್ಟರು. ಬುಟ್ಟಿಯ ಬಟ್ಟೆ ಸರಿಮಾಡಿದ್ದ ಇಬ್ಬರೂ ಬಂದಿದ್ದರು. ಅವರ ಬುಟ್ಟಿಗಳನ್ನೂ ಗಾಡಿಗೆ ಹಾಕಿಕೊಂಡೆ. ಸಂಜೆ ಶಿರಾಲಿಗೆ ಬಂದ ಮೇಲೆ ನೆನಪಾಯಿತು, ಮಂಕಿ ಯಾವಾಗಲೋ ದಾಟಿತ್ತು.

ನವೆಂಬರ್ ೧೩, ಗುರುವಾರ

ತುಳಸಿಯ ಬುಡಕ್ಕೆ ಕೆಂಪಿರುವೆ ಹತ್ತಿದೆ. ಅರಿಶಿನ ಹಾಕಬೇಕು. ಸುಕ್ರಿಗೆ ಮಂಡಿ ನೋವು, ಎಣ್ಣೆ ಕಾಯಿಸಿ ಕೊಟ್ಟೆ.

ಕುಮಟಾದಿಂದ ಬರುವಾಗ ಅದೇ ಬಿಳಿ ಕಾರಿನವರು ಮತ್ತೆ ಕೈ ತೋರಿಸಿದರು. ಇಂಡಿಕೇಟರ್ ಹಾಕಿ ಬಂಕಿಗೆ ಹೋಗಿ ನಿಲ್ಲಿಸಿದೆ. ಗಾಜು ಎರಡು ಬೆರಳು ಇಳಿಸಿ ಕಾರ್ಡು ಕೇಳಿದೆ. ಕೊಟ್ಟರು. ಬೆಳಕಿಗೆ ಹಿಡಿದು ಹೆಸರು ಓದಿ ವಾಪಸು ಕೊಟ್ಟೆ. "ಆತು ಅಕ್ಕ, ಹೋಗಿ" ಎಂದರು. ಬುಟ್ಟಿಯಲ್ಲಿ ಒಂದು ಮಾಲೆ ಉಳಿದಿತ್ತು, ದಾಸಣ್ಣನ ಹೆಂಡತಿಗೆಂದು ಕೊಟ್ಟೆ.

ಬಾಳೆಲೆ ಮುಗಿಯುತ್ತಾ ಬಂತು. ಬಾಳೆ ಸಾಲಿಗೆ ನೀರು ಬಿಡಬೇಕು.

ನವೆಂಬರ್ ೧೫, ಶನಿವಾರ

ಒಪ್ಪತ್ತು. ಅಂಗಳ ಗುಡಿಸಿದೆ. ಇರುವೆ ಹೋಗಿದೆ. ಕುಮಟಾದಲ್ಲಿ ಎರಡು ಮದುವೆ, ಹನ್ನೊಂದು ಮನೆಯ ಹೂ ಅಂಗಳದಲ್ಲಿ ಕಾಯುತ್ತಿದೆ. ಹತ್ತರ ಒಳಗೆ ಮುಟ್ಟಿಸಬೇಕು.

ನಿನ್ನೆ ನಾನು ಇಲ್ಲದಾಗ ಟಪಾಲಿನವನು ಚೀಟಿ ಇಟ್ಟು ಹೋಗಿದ್ದಾನೆ. ಸಾರಿಗೆ ಕಚೇರಿಯ ರಿಜಿಸ್ಟರ್ ಪತ್ರ ಪೋಸ್ಟಿನಲ್ಲಿ ಇದೆಯಂತೆ. ನಾನು ಬರುವ ಹೊತ್ತಿಗೆ ಪೋಸ್ಟ್ ಬಾಗಿಲು ಹಾಕಿರುತ್ತದೆ. ಸುಕ್ರಿಗೆ ಹೋಗಲು ಹೇಳಿದೆ.

"ನಿಂಗೆ ಹೆದ್ರಿಕೆ ಆತಿಲ್ಯಾ? ಲೈಸೆನ್ಸ್ ರದ್ದಾಯ್ತು ಹೇಳಿ ಬರ್ದಿದ್ರೆ?"

"ಬರ್ದಿದ್ರೆ ಅದಕ್ಕೂ ಒಂದು ಉತ್ತರ ಬರೀತೆ. ನೀ ಒಡೀಬ್ಯಾಡ, ತಂದು ತಿಮ್ಮಪ್ಪನ ಪಟದ ಹತ್ರ ಇಡು."

"ನಂಗೆ ಓದೂಕೆ ಎಲ್ಲಿ ಬತ್ತದೆ, ಒಡ್ದು ಎಂತ ಮಾಡ್ಲಿ" ಎಂದಳು.

ಅವಳ ಕೈಯಲ್ಲಿ ಕೊಡುವ ಕಾಗದವನ್ನು ಇಲ್ಲಿಯೂ ಬರೆದಿಡುತ್ತೇನೆ:

ಪೋಸ್ಟ್ ಮಾಸ್ತರರಿಗೆ ನಮಸ್ಕಾರ. ನನ್ನ ಹೆಸರಿಗೆ ಬಂದ ಪತ್ರವನ್ನು ಈ ಕಾಗದ ತಂದ ಸುಕ್ರಿಯ ಕೈಯಲ್ಲಿ ಕೊಡಬೇಕು. ಅವಳ ಆಧಾರ್ ಕಾರ್ಡು ಜೊತೆಗಿದೆ. ನಾನೇ ಬರಬೇಕಿತ್ತು, ಕೆಲಸದ ಮೇಲೆ ಇದ್ದೇನೆ. ಅದು ನಾನು ಕೇಳಿದ ಪ್ರಶ್ನೆಯ ಉತ್ತರ, ದಯವಿಟ್ಟು ಇವತ್ತೇ ಕೊಟ್ಟು ಕಳಿಸಿ.

ದುರ್ಗಿ ಕೋಂ ವೆಂಕಟ್ರಮಣ ನಾಯ್ಕ
ಉದ್ಯೋಗ: ಗಾಡಿ ಬಿಡುವುದು